ಹಲ್ಲು ನೋಡದೆ ಕೊಂಡ 'ಲೂಸಿಡ್'

ಕುರಿ ಕೊಳ್ಳುವವನು ಮೊದಲು ಅದರ ಬಾಯಿ ಬಿಡಿಸಿ ಹಲ್ಲು ನೋಡಬೇಕು, ಆಮೇಲೆ ಬೆನ್ನು ಒತ್ತಿ ನೋಡಬೇಕು, ಕೊನೆಗೆ ಸ್ವಲ್ಪ ದೂರ ನಡೆಸಿ ನೋಡಬೇಕು. ಮಾರುವವನು "ನಮ್ಮನೆ ಮಗ ಇದ್ದಂಗೆ ಐತೆ ಅಣ್ಣಾ" ಎಂದು ಕಣ್ಣಲ್ಲಿ ನೀರು ತಂದುಕೊಂಡರೆ ಇನ್ನೊಮ್ಮೆ ಹಲ್ಲು ನೋಡಬೇಕು. ಮಾರಂಡಹಳ್ಳಿಯಿಂದ ಹರೂರಿನವರೆಗೆ ಸಂತೆ ಸಂತೆ ತಿರುಗಿ, ಬರಿಗೈಯಲ್ಲಿ ಶುರುಮಾಡಿ ಮೇಲೆ ಬಂದವನು ನಾನು. ಕೇಳಿದವರಿಗೂ ಕೇಳದವರಿಗೂ ಈ ಬುದ್ಧಿಮಾತು ಹೇಳುತ್ತಿರುತ್ತೇನೆ. ಆದರೆ ಇಂಗ್ಲಿಷ್ ಪದಗಳ ವಿಷಯಕ್ಕೆ ಬಂದರೆ ನನ್ನ ಬುದ್ಧಿ ನನಗೇ ನೆನಪಾಗುವುದಿಲ್ಲ. ಅವು ಬಿಟ್ಟಿ ಸಿಗುತ್ತವೆ ನೋಡಿ, ಕಿವಿಗೆ ಬಿದ್ದ ಕೂಡಲೇ ಹಗ್ಗ ಹಿಡಿದು ಮನೆಗೆ ಎಳೆದುಕೊಂಡು ಬಂದುಬಿಡುತ್ತೇನೆ. ಹಾಗೆ ಹಲ್ಲು ನೋಡದೆ ತಂದ ಪದಗಳಲ್ಲಿ 'ಲೂಸಿಡ್' ಒಂದು.

ಅದು ಸಿಕ್ಕಿದ್ದು ತಮಿಳುನಾಡಿಗೆ ಸೇರಿದ ನಮ್ಮ ಧರ್ಮಪುರಿಯ ಒಂದು ಆಸ್ಪತ್ರೆಯಲ್ಲಿ. ನಮ್ಮ ಮಾದತ್ತೆ, ಅಂದರೆ ನನ್ನ ತಂದೆಯ ಅಕ್ಕ, ಕುರಿಹಟ್ಟಿಯಲ್ಲಿ ಜಾರಿ ಬಿದ್ದು ತಲೆಗೆ ಪೆಟ್ಟು ಮಾಡಿಕೊಂಡಿದ್ದಳು. ಸ್ಕ್ಯಾನ್ ಮಾಡಿ ಒಳಗೆ ಏನೂ ಆಗಿಲ್ಲ ಎಂದಿದ್ದರು. ನಾನು ಮಾತ್ರೆ ತರಲು ಕೆಳಗೆ ಹೋಗಿ ಬರುವಷ್ಟರಲ್ಲಿ ಎಳೆಯ ವಯಸ್ಸಿನ ಡಾಕ್ಟರೊಬ್ಬರು ಅವಳನ್ನು ನೋಡಿ, ನರ್ಸಮ್ಮನಿಗೆ "ಶಿ ಈಸ್ ನಾಟ್ ಲೂಸಿಡ್" ಎನ್ನುತ್ತಾ ಹೊರಡುತ್ತಿದ್ದರು. 'ನಾಟ್' ಎಂದರೆ ಇಲ್ಲ, ಅದು ಗೊತ್ತು. ಇನ್ನು 'ಲೂಸು' ಗೊತ್ತಿಲ್ಲದವರು ನಮ್ಮ ಜಿಲ್ಲೆಯಲ್ಲಿ ಯಾರಿದ್ದಾರೆ? ತಲೆ ಕೆಟ್ಟವನನ್ನು ತಮಿಳಿನವರೂ ಲೂಸು ಎನ್ನುತ್ತಾರೆ, ನಾವೂ ಲೂಸು ಎನ್ನುತ್ತೇವೆ. ಎರಡನ್ನೂ ಕೂಡಿಸಿದೆ: ಅತ್ತೆ ಲೂಸಾಗಿಲ್ಲ! ಅಲ್ಲೇ ಕೈಮುಗಿದು "ವೆರಿ ಹ್ಯಾಪಿ ಸಾರ್, ವೆರಿ ಹ್ಯಾಪಿ" ಎಂದೆ. ಡಾಕ್ಟರು ನನ್ನ ಮುಖವನ್ನೇ ತಿರುತಿರುಗಿ ನೋಡುತ್ತಾ ಹೋದರು. ನಾನು ಊರಿಗೆಲ್ಲ ಫೋನು ಮಾಡಿ, ವಾರ್ಡಿನವರಿಗೆಲ್ಲ ಮೈಸೂರುಪಾಕು ಹಂಚಿದೆ.

ಅಷ್ಟರಲ್ಲಿ ಮಗಳು ಕವಿತ ಬಂದಳು. ಇಂಗ್ಲಿಷ್ ಟೀಚರ್ ಆಗಲು ಓದುತ್ತಿರುವವಳು. ನಾವು ಕನ್ನಡದಲ್ಲಿ ಕೇಳಿದರೆ ತಮಿಳಿನಲ್ಲಿ ಉತ್ತರ ಕೊಡುವುದು ಅವಳ ರೂಢಿ. ಕೋಪ ಬಂದಾಗ ಮಾತ್ರ ಕನ್ನಡ ಹೊರಗೆ ಬರುತ್ತದೆ.

"ಡಾಕ್ಟರ್ ಎನ್ನ ಸೊನ್ನಾರುಪ್ಪಾ?"

"ನಾಟ್ ಲೂಸಿಡ್ ಅಂದ್ರು ಕಣಮ್ಮಾ. ತಗೋ, ಸ್ವೀಟ್ ತಿನ್ನು."

ಅವಳು ತಲೆ ಮೇಲೆ ಕೈ ಇಟ್ಟುಕೊಂಡಳು. "ಅಯ್ಯೋ ಅಪ್ಪಾ! ಲೂಸಿಡ್ ಅಂದ್ರೆ ಬುದ್ಧಿ ತಿಳಿಯಾಗಿ ಐತೆ ಅಂತ. ನಾಟ್ ಲೂಸಿಡ್ ಅಂದ್ರೆ ಅಜ್ಜಿಗೆ ಬುದ್ಧಿ ಕದಡೋಗೈತೆ ಅಂತ!"

"ಹಂಗಾರೆ ಲೂಸು?"

"ಲೂಸು ಬೇರೆ, ಲೂಸಿಡ್ ಬೇರೆ. ಒಂದಕ್ಕೊಂದು ಎದುರು."

"ಒಂದೇ ಹೆಸರು ಇಟ್ಟು ಎದುರುಬದುರು ನಿಲ್ಸವ್ರಾ? ಇದೆಂಥ ಯಾಪಾರ ಕಣಮ್ಮಾ!"

ನನ್ನ ವಾದ ಗೆಲ್ಲುವ ಹಾಗಿತ್ತು, ಆದರೆ ನರ್ಸಮ್ಮ ನಡುವೆ ಬಂದು, ಸಂಜೆಯವರೆಗೂ ಹೀಗೇ ಇದ್ದರೆ ಸೇಲಂನ ದೊಡ್ಡ ಆಸ್ಪತ್ರೆಗೆ ಕಳಿಸುತ್ತೇವೆ ಎಂದರು. ಕಣ್ಣು ಮುಚ್ಚಿ ಮಲಗಿದ್ದ ಅತ್ತೆ ಚಕ್ಕನೆ ನನ್ನ ಅಂಗಿ ಹಿಡಿದಳು. "ಸೇಲಂಗೆ ನಾನು ಓಗಲ್ಲ ಕಣ್ಲಾ. ನಮ್ಮ ಚಿಕ್ಕವ್ವ ಅಲ್ಲಿಗೆ ಮಾತಾಡ್ಕೊಂಡು ಓಗಿದ್ಲು, ಎಣವಾಗಿ ಬಂದ್ಲು." ಸಂತೆಯಲ್ಲಿ ಎಂಥ ದಲ್ಲಾಳಿಗೂ ಹೆದರದವಳು ಹಿಡಿದ ಅಂಗಿ ಬಿಡಲೇ ಇಲ್ಲ. ನಾನು ಬಾಯಲ್ಲಿದ್ದ ಮೈಸೂರುಪಾಕನ್ನು ದವಡೆಗೆ ಸರಿಸಿ ಅವಳ ಪಕ್ಕ ಕೂತೆ.

"ಡಾಕ್ಟರು ಏನು ಕೇಳಿದ್ರು ಅತ್ತೆ?"

"ಕೇಳೋದೇನು ಬಂತು? ಮೂರು ಬೆರಳು ತೋರಿಸ್ದ. ಆಗಕಿಲ್ಲ, ಏರ್ಸು ಅಂದೆ. ಎರಡು ತೋರಿಸ್ದ! ಏರ್ಸು ಅಂದ್ರೆ ಇಳಿಸ್ತಾನೆ. ಅದೂ ಎಲ್ರ ಮುಂದೆ, ಬಟ್ಟಬಯಲಲ್ಲಿ. ನಿಂಗೇ ತಲೆ ಸರಿ ಇಲ್ಲ, ಓಗಪ್ಪ ಅಂದೆ."

ಆಗ ನನಗೆ ಗುಟ್ಟು ಹೊಳೆಯಿತು. ತಂದೆ ತೀರಿಕೊಂಡ ಮೇಲೆ ನನ್ನನ್ನು ಸಂತೆಗೆ ಕರೆದುಕೊಂಡು ಹೋದವಳು ಈ ಅತ್ತೆ. ಗಂಡಸರ ನಡುವೆ ಹೆಗಲ ಮೇಲೆ ಟವಲು ಹಾಕಿಕೊಂಡು ನಿಲ್ಲುತ್ತಿದ್ದ ಒಬ್ಬಳೇ ಹೆಂಗಸು. ನಸುಕಿನಲ್ಲಿ ಕುರಿ ಹೊಡೆದುಕೊಂಡು ಹೊರಟರೆ ರಾಗಿಹೊಲಗಳ ಬದುವಿನ ಮೇಲೆ ಅವಳ ದನಿಯೊಂದೇ ಮುಂದೆ ಹೋಗುತ್ತಿತ್ತು. ನಮ್ಮ ಸಂತೆಗಳಲ್ಲಿ ಬೆಲೆಯನ್ನು ಬಾಯಲ್ಲಿ ಆಡುತ್ತಿರಲಿಲ್ಲ. ಟವಲಿನ ಮರೆಯಲ್ಲಿ ಕೈ ಹಿಡಿದು, ಬೆರಳು ಒತ್ತಿ ಹೇಳಬೇಕು. ಮೇಲೆ ಮಳೆಬೆಳೆಯ ಮಾತು, ಕೆಳಗೆ ವ್ಯಾಪಾರ. ಆ ಭಾಷೆಯನ್ನು ನನಗೆ ಕಲಿಸಲು ಅವಳು ಊಟಕ್ಕೆ ಕೂತಾಗಲೂ ಸೆರಗಿನಡಿ ನನ್ನ ಬೆರಳು ಹಿಡಿಯುತ್ತಿದ್ದಳು. ತಪ್ಪು ಹೇಳಿದರೆ ಹಿಂಡುತ್ತಿದ್ದಳು. ಈಗ ಕುರಿಯ ಫೋಟೊ, ಅದರ ಬೆಲೆ ಎರಡೂ ಫೋನಿನಲ್ಲೇ ಬರುತ್ತವೆ. ಯಾರ ಕೈ ಬಿಸಿ, ಯಾರ ಕೈ ಒರಟು, ಯಾರು ಒಳಗೊಳಗೇ ಬೆವರುತ್ತಿದ್ದಾರೆ, ಒಂದೂ ಗೊತ್ತಾಗುವುದಿಲ್ಲ. ಬೆರಳನ್ನು ಎಲ್ಲರೆದುರು ಎತ್ತಿ ತೋರಿಸುವವನು ಅತ್ತೆಯ ಲೆಕ್ಕದಲ್ಲಿ ಒಂದೋ ಮೋಸಗಾರ, ಇಲ್ಲವೇ ಹುಚ್ಚ. ಅದನ್ನು ಆ ಡಾಕ್ಟರು ಎಲ್ಲಿಂದ ತಿಳಿಯಬೇಕು? ಅವರಿಗೆ ಕನ್ನಡ ಬಾರದು. ಅತ್ತೆಗೆ ತಮಿಳು ನೀರು ಕುಡಿದಷ್ಟು ಸಲೀಸು, ಆದರೂ ಬಿದ್ದಾಗಿನಿಂದ ಕನ್ನಡ ಬಿಟ್ಟು ಒಂದು ಮಾತು ಆಡಿರಲಿಲ್ಲ.

ಸಂಜೆ ಡಾಕ್ಟರು ಬಂದ ಕೂಡಲೇ ನಾನೇ ಮುಂದೆ ನಿಂತೆ. "ಸಾರ್, ಮೈ ಅತ್ತೆ ಫುಲ್ ಲೂಸಿಡ್. ಮಾರ್ನಿಂಗ್ ಆಲ್ಸೋ ಲೂಸಿಡ್. ಫಿಂಗರ್ ಓನ್ಲಿ ನಾಟ್ ಲೂಸಿಡ್."

ಕವಿತ ನನ್ನನ್ನು ಪಕ್ಕಕ್ಕೆ ಸರಿಸಿ ಎಲ್ಲವನ್ನೂ ತಮಿಳಿನಲ್ಲಿ ಬಿಡಿಸಿ ಹೇಳಿದಳು. ಡಾಕ್ಟರು ದೊಡ್ಡದಾಗಿ ನಕ್ಕರು. ಒಳ್ಳೆಯ ಮನುಷ್ಯ, ನನ್ನ ಹೆಗಲ ಮೇಲಿನ ಟವಲನ್ನು ತಾವೇ ಕೇಳಿ ಪಡೆದು, ತಮ್ಮ ಕೈಗೂ ಅತ್ತೆಯ ಕೈಗೂ ಮರೆಯಾಗಿ ಹಾಕಿದರು. "ಇಪ್ಪ ಸೊಲ್ಲುಂಗ ಪಾಟಿ, ಎತ್ತನೆ ವಿರಲ್?" ಈಗ ಹೇಳಿ ಅಜ್ಜಿ, ಎಷ್ಟು ಬೆರಳು ಎಂದು ಕೇಳಿದ್ದು.

ಅತ್ತೆ ಕಣ್ಣು ಅರೆಮುಚ್ಚಿ ಮಾಡಿನ ಕಡೆ ನೋಡಿದಳು. ಹಳೆಯ ಸಂತೆಯ ಮುಖ ಅದು. ನಾನು ಕಂಡು ಎಷ್ಟೋ ಕಾಲವಾಗಿತ್ತು. "ನಾಲು," ಎಂದಳು ತಮಿಳಿನಲ್ಲಿ. ಸರಿಯಿತ್ತು. ಆಮೇಲೆ ಅವಳೇ ಏನೋ ಒತ್ತಿದಳೆಂದು ಕಾಣುತ್ತದೆ, ಡಾಕ್ಟರು "ಆ!" ಎಂದು ಕೈ ಎಳೆದುಕೊಂಡರು. "ಮೆತ್ತಗೈತೆ ಕೈ. ಮೋಸಗಾರನಲ್ಲ," ಎಂದು ಅತ್ತೆ ನನಗೆ ಕನ್ನಡದಲ್ಲಿ ತೀರ್ಪು ಕೊಟ್ಟಳು.

ಡಾಕ್ಟರು ನನ್ನ ಕಡೆ ತೋರಿಸಿ, ಇವರು ಯಾರು ಎಂದು ಕೇಳಿದರು.

"ಎನ್ ತಂಬಿ ಮಗನ್," ಎಂದಳು ಅತ್ತೆ. ನನ್ನ ತಮ್ಮನ ಮಗ ಅಂತ. ಅದರ ಬೆನ್ನಿಗೇ ಸೇರಿಸಿದಳು: "ಕೊಂಜಂ ಲೂಸು." ಕೊಂಜಂ ಎಂದರೆ ಸ್ವಲ್ಪ.

ಡಾಕ್ಟರು ನರ್ಸಮ್ಮನಿಗೆ "ಲೂಸಿಡ್. ಪರ್ಫೆಕ್ಟ್‌ಲಿ ಲೂಸಿಡ್" ಎಂದರು. ಮರುದಿನ ಬೆಳಿಗ್ಗೆ ಸೇಲಂ ಬಸ್ಸುಗಳು ಎದುರಿಗೆ ಹೋಗುತ್ತಿದ್ದವು. ನಾವು ಅತ್ತೆಯನ್ನು ಕಾರಿನಲ್ಲಿ ಕೂರಿಸಿಕೊಂಡು ಮಾರಂಡಹಳ್ಳಿಯ ಕಡೆ ಹೊರಟೆವು. ದಾರಿಯುದ್ದಕ್ಕೂ ನನ್ನ ಕೈ ಅವಳ ಸೆರಗಿನಡಿ ಇತ್ತು. ವ್ಯಾಪಾರ ಏನೂ ಇರಲಿಲ್ಲ.

ಆ ಪದಕ್ಕೆ ಅಷ್ಟು ಬೆಲೆ ತೆತ್ತ ಮೇಲೆ ಸುಮ್ಮನೆ ಕಟ್ಟಿಹಾಕುವುದು ಹೇಗೆ? ಮನೆಯಲ್ಲಿ ಬಳಸತೊಡಗಿದೆ. "ದಿಸ್ ಕಾಫಿ ಈಸ್ ಲೂಸಿಡ್" ಎಂದೆ. ಕಾಫಿಗೆ ಬುದ್ಧಿ ಇಲ್ಲ ಎಂದಳು ಕವಿತ. "ದಿಸ್ ರ‍್ಯಾಮ್ ಈಸ್ ಲೂಸಿಡ್" ಎಂದೆ. ಟಗರಿಗೂ ಬೇಡ, ಮನುಷ್ಯನ ಮನಸ್ಸಿಗೆ, ಅವನು ಬಿಡಿಸಿ ಹೇಳುವ ಮಾತಿಗೆ, ಬರಹಕ್ಕೆ ಹೇಳಬೇಕು ಎಂದಳು. ಯೋಚಿಸಿ, ಯಾರೂ ತಪ್ಪು ಹಿಡಿಯಲಾಗದ ವಾಕ್ಯವೊಂದನ್ನು ಕಟ್ಟಿದೆ: "ಐ ಆಮ್ ಲೂಸಿಡ್."

ಈ ಸಲ ಮಗಳು ಕೋಪವಿಲ್ಲದೆಯೇ ಕನ್ನಡಕ್ಕೆ ಬಂದಳು. "ಗ್ರಾಮರ್ ಸರಿ ಐತಪ್ಪಾ. ಆದ್ರೆ ಈ ಮಾತನ್ನ ನಮ್ಮ ಬಗ್ಗೆ ಬೇರೆಯವ್ರು ಹೇಳ್ಬೇಕು. ನಾವೇ ಹೇಳ್ಕೊಂಡ್ರೆ ಡಾಕ್ಟರ್ ಮೂರು ಬೆರಳು ತೋರಿಸ್ತಾರೆ."

ಅಂದಿನಿಂದ ಬಾಯಿ ಮುಚ್ಚಿಕೊಂಡಿದ್ದೇನೆ. ಯಾರಾದರೂ ಹೇಳಲಿ ಎಂದು ಕಾಯುತ್ತಿದ್ದೇನೆ.