ಫೋನು, ಮೋಡೆಮ್ಮು ಮತ್ತು ನಾದಿನಿಯ ಹೆರಿಗೆ

ಹೆದರುವ ವಿಷಯದಲ್ಲಿ ನಾನು ಯಾರಿಗೂ ಕಡಿಮೆಯಿಲ್ಲ. ಗ್ಯಾಸ್ ಸಿಲಿಂಡರ್ ಬದಲಾಯಿಸುವಾಗ ಹೆದರುತ್ತೇನೆ. ಬ್ಯಾಂಕಿಗೆ ಹೋದರೆ ನನ್ನ ಸಹಿ ನನಗೇ ಮರೆತುಹೋದೀತೆಂದು ಹೆದರುತ್ತೇನೆ. ಇಂಥವನು ಮನೆಗೆ ಕಂಪ್ಯೂಟರ್ ತಂದದ್ದೇ ಹೆಚ್ಚು, ಅದಕ್ಕೆ ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಮ್ ಬೇರೆ ಹಾಕಿಸಿಕೊಂಡೆ. ಹಾಕಿಕೊಟ್ಟವನು ಭದ್ರಾವತಿಯ ಕಾಗದನಗರದಲ್ಲಿದ್ದ ಗೆಳೆಯ ವೆಂಕಟೇಶ. “ಇದ್ರಲ್ಲಿ ವೈರಸ್ ಭಯವೇ ಇರಲ್ಲ ಮಾರಾಯ” ಅಂದಿದ್ದ. ಭಯವಿಲ್ಲ ಎಂಬ ಮಾತಿಗೇ ನಾನು ಮರುಳಾದದ್ದು.

ಆಗ ಇಂಟರ್ನೆಟ್ ಬರುತ್ತಿದ್ದದ್ದು ಫೋನಿನ ತಂತಿಯಲ್ಲೇ. ಮೋಡೆಮ್ ಎಂಬ ಡಬ್ಬಿ ನಂಬರ್ ಒತ್ತಿ, ಕೀಚಲು ದನಿಯಲ್ಲಿ ಆ ಕಡೆಯ ಡಬ್ಬಿಯೊಂದಿಗೆ ಜಗಳವಾಡಿ ರಾಜಿಯಾಗಬೇಕು. ಅಷ್ಟು ಹೊತ್ತೂ ಮನೆಯ ಫೋನು ಯಾರಿಗೂ ಸಿಗುವುದಿಲ್ಲ. ಸಂಸ್ಕೃತ ಅಧ್ಯಾಪಕನಾದ ನನಗೆ ಮೊದಲ ಬಾರಿ ದೂರದ ವಿಚಾರಸಂಕಿರಣವೊಂದರಿಂದ ಆಹ್ವಾನ ಬಂದಿತ್ತು. ಪ್ರಬಂಧದ ಸಾರಾಂಶವನ್ನು ಸಂಜೆಯೊಳಗೆ ಇ-ಮೇಲ್ ಮಾಡಬೇಕಿತ್ತು. ಅದೇ ಬೆಳಿಗ್ಗೆ ನಾದಿನಿ ಉಷಾಳನ್ನು ಹೆರಿಗೆಗೆಂದು ಭದ್ರಾವತಿಯಲ್ಲಿ ಆಸ್ಪತ್ರೆಗೆ ಸೇರಿಸಿದ್ದರು. ನೆಗಡಿ ಹಿಡಿದಿದ್ದ ನನ್ನ ಹೆಂಡತಿ ಮಾಲತಿಗೆ ಬರಲೇಬೇಡ ಅಂದಿದ್ದರಿಂದ, ಅವಳು ಗೋಪಾಳ ಬಡಾವಣೆಯ ನಮ್ಮ ಮನೆಯಲ್ಲೇ ಸುದ್ದಿಗಾಗಿ ಚಡಪಡಿಸುತ್ತಿದ್ದಳು.

“ರೀ, ಬೇಗ ಫೋನ್ ಬಿಡ್ರೀ.”

“ಇನ್ನೇನು, ಆಯ್ತು.”

ಆಗುತ್ತಿರಲಿಲ್ಲ. ಮೋಡೆಮ್ ಕೂಗುತ್ತಿತ್ತು, ಸಂಪರ್ಕ ಸಿಗುತ್ತಿತ್ತು, ಸಾರಾಂಶ ಹೊರಡುವ ಹೊತ್ತಿಗೆ ಕಡಿದುಹೋಗುತ್ತಿತ್ತು. ವೆಂಕಟೇಶನಿಗೆ ಫೋನ್ ಮಾಡಿದೆ. “ಸೆಟ್ಟಿಂಗ್ ಫೈಲ್ ತೆಗಿ, ಸ್ಪೀಡ್ ಅಂತಿರೋ ಸಾಲು ಓದು” ಅಂದ. ಓದಿದೆ. “ಕಮ್ಮಿ ಮಾಡಿ ನೋಡು.” ನೋಡಬೇಕೆಂದರೆ ಅವನ ಫೋನು ಇಡಬೇಕು, ಇಟ್ಟ ಮೇಲೆ ಕೇಳಲು ಅವನಿಲ್ಲ. ಮತ್ತೆ ಕಡಿಯಿತು, ಮತ್ತೆ ಅವನಿಗೆ ಫೋನ್. ಕಪ್ಪು ಪರದೆಯ ಮೇಲೆ ಇಂಗ್ಲಿಷಿನಲ್ಲಿ ಏನೇನೋ ಬೈಗುಳದಂತೆ ಸುರಿಯುತ್ತಿತ್ತು. ನನ್ನ ಅಂಗೈ ಬೆವರಿ ಕೀಬೋರ್ಡ್ ಒದ್ದೆಯಾಯಿತು. ಕೊನೆಗೆ ವೆಂಕಟೇಶನೂ, “ಎಲ್ಲಾ ಸರಿಯಾಗೇ ಇದೆ. ಇನ್ನು ದೇವರೇ ಗತಿ” ಅಂದುಬಿಟ್ಟ.

ನೀರು ಕುಡಿಯಲೆಂದು ಎದ್ದೆ. ಮಲಗುವ ಕೋಣೆಯಲ್ಲಿ ಮಾಲತಿ ಇನ್ನೊಂದು ಫೋನಿನ ರಿಸೀವರ್ ಎತ್ತಿ ಕಿವಿಗಿಟ್ಟುಕೊಂಡಿದ್ದಳು.

“ಏನ್ ಮಾಡ್ತಿದೀಯ?”

“ಲೈನ್ ಬಿಟ್ರೇನೋ ಅಂತ ಆಗಾಗ ಎತ್ತಿ ನೋಡ್ತೀನಿ ಕಣ್ರೀ. ಎತ್ತಿದಾಗೆಲ್ಲ ಒಳಗೆ ಕಿರ್ರ್ ಅನ್ನುತ್ತೆ. ಹೆದ್ರಿಕೆಯಾಗಿ ಇಟ್ಬಿಡ್ತೀನಿ.”

ಅದೂ ಅದೇ ತಂತಿಯ ಫೋನು. ಅವಳು ಎತ್ತಿದಾಗಲೆಲ್ಲ ನನ್ನ ಸಂಪರ್ಕ ಕಡಿಯುತ್ತಿತ್ತು. ಬೈಯಲು ಬಾಯಿ ತೆರೆದೆ. ಅವಳ ಕಣ್ಣಲ್ಲಿ ನೀರು ಕಂಡು ಮುಚ್ಚಿದೆ. “ಇದೊಂದು ಸಲ ಮುಟ್ಟಬೇಡ ಮಾರಾಯ್ತಿ. ಆಮೇಲೆ ಫೋನು ನಿಂದೇ” ಅಂದೆ. ಅವಳು ಕೈ ಮಡಚಿಕೊಂಡು ಕೂತಳು. ಮೋಡೆಮ್ ಕೂಗಿತು, ಸಾರಾಂಶ ಹೋಯಿತು. ಗೆದ್ದೆನೆಂದು ಎದ್ದು ನಿಲ್ಲುವಷ್ಟರಲ್ಲಿ ಗೇಟಿನ ಸದ್ದಾಯಿತು.

ಬಂದವನು ಉಷಾಳ ಗಂಡ ರಮೇಶ. ಅಷ್ಟು ದೂರ ಸ್ಕೂಟರಿನಲ್ಲಿ ಬಂದಿದ್ದ, ಮುಖ ಬಿಳಿಚಿಕೊಂಡಿತ್ತು. ಆ ಮುಖ ನೋಡಿ ಮಾಲತಿ ಗೋಡೆ ಹಿಡಿದುಕೊಂಡು ಅಳತೊಡಗಿದಳು.

“ಅಕ್ಕಾ, ಯಾಕಳ್ತೀರಿ? ಹೆಣ್ಣು ಮಗು. ಇಬ್ರೂ ಚೆನ್ನಾಗಿದಾರೆ!”

“ಮತ್ತೆ ನಿನ್ನ ಮುಖ ಯಾಕೆ ಹಿಂಗಿದೆ?” ಅಂದೆ.

“ಬೆಳಿಗ್ಗೆಯಿಂದ ನಿಮ್ಮ ಫೋನು ಎಂಗೇಜು ಭಾವ. ಇಲ್ಲಿ ಯಾರಿಗೋ ಏನೋ ಆಗಿದೆ ಅಂತ ಉಷಾ ಒಂದೇ ಸಮ ಅಳ್ತಿದಾಳೆ. ನೋಡ್ಕೊಂಡು ಬಾ ಅಂತ ಓಡ್ಸಿದ್ಲು.”

ಹೆತ್ತವಳು ಹಾಸಿಗೆಯಲ್ಲಿ ಮಲಗಿ ನಮ್ಮ ಚಿಂತೆ ಮಾಡುತ್ತಿದ್ದಳು! ಮಾಲತಿ ಅಳು ನಿಲ್ಲಿಸಿ ನನ್ನತ್ತ ನೋಡಿದಳು. ಅಂಥ ನೋಟಕ್ಕೆ ಯಾವ ಸೆಟ್ಟಿಂಗೂ ಇಲ್ಲ. ನಾನು ಮೋಡೆಮ್ಮಿನ ತಂತಿ ಕಿತ್ತು ಅವಳ ಕೈಗೆ ಫೋನು ಕೊಟ್ಟೆ.

ಕೆಲವು ದಿನಗಳ ಮೇಲೆ ವಿಚಾರಸಂಕಿರಣದವರ ಉತ್ತರ ಬಂತು. ಅವರ ಕಂಪ್ಯೂಟರಿನಲ್ಲಿ ನನ್ನ ಸಾರಾಂಶದ ಅಕ್ಷರಗಳ ಬದಲು ಬರೀ ಚೌಕಗಳು ಕಾಣುತ್ತಿವೆಯಂತೆ. ದಯವಿಟ್ಟು ಕೈಯಲ್ಲಿ ಬರೆದು ಅಂಚೆಯಲ್ಲಿ ಕಳಿಸಬೇಕಂತೆ. ನಾಮಕರಣದ ದಿನ ಉಷಾ ಮಗುವನ್ನು ನನ್ನ ತೊಡೆಯ ಮೇಲಿಟ್ಟು, “ಭಾವ, ಅವತ್ತು ಅಷ್ಟು ಒದ್ದಾಡಿದ್ರಂತಲ್ಲ, ನಿಮ್ಮ ಪ್ರಬಂಧ ಹೋಯ್ತಾ?” ಎಂದು ಅಕ್ಕರೆಯಿಂದ ಕೇಳಿದಳು.

“ಹೋಯ್ತಮ್ಮ, ಚಿಟಿಕೆ ಹೊಡೆಯೋದ್ರೊಳಗೆ” ಅಂದೆ.

ಹೋದದ್ದು ಸುಳ್ಳಲ್ಲವಲ್ಲ. ತಲುಪಿದ್ದೇನು ಎಂದು ಅವಳು ಕೇಳಲಿಲ್ಲ.