ಐವತ್ತರ ಮೇಲೆ ಕ್ಲಚ್ಚು

ಹೊನ್ನಾವರದಲ್ಲಿ ಡ್ರೈವಿಂಗ್ ಸ್ಕೂಲ್ ನಡೆಸುತ್ತಿದ್ದ ವರ್ಷಗಳಲ್ಲಿ ನಗು ತಾನಾಗಿ ಬಂದು ನನ್ನ ಪಕ್ಕದ ಸೀಟಿನಲ್ಲಿ ಕೂರುತ್ತಿತ್ತು. ಎರಡು ಸಾವಿರದ ಇಸವಿ ಕಳೆದ ಮೇಲೆ ಐವತ್ತು ದಾಟಿದವರೂ ಕಲಿಯಲು ಬಂದರು. "ಈ ವಯಸ್ಸಲ್ಲಿ ತಲೆಗೆ ಹತ್ತೂದಿಲ್ಲ" ಎನ್ನುವುದು ಎಲ್ಲರ ಮೊದಲ ಮಾತು. ನನ್ನಲ್ಲೇ ಕಲಿತ ಡಾಕ್ಟರೊಬ್ಬರು ಹೇಳಿದ್ದರು: "ದೊಡ್ಡವರಾದ ಮೇಲೂ ಮೆದುಳಿನ ನೆನಪಿನ ಭಾಗದಲ್ಲಿ ಹೊಸ ಕೋಶ ಹುಟ್ತವೆ ಅಂತಾರೆ ಈಗ. ಹೊಸತು ಕಲೀತಾ ಇದ್ರೆ ಉಳೀತವೆ, ಇಲ್ಲದಿದ್ರೆ ಸುಮಾರು ಸತ್ತುಹೋಗ್ತವೆ." ಅಂದಿನಿಂದ ಎಲ್ಲರಿಗೂ ಅದನ್ನೇ ಹೇಳಿ ಧೈರ್ಯ ತುಂಬುತ್ತಿದ್ದೆ.

ಮಧ್ಯದಿಂದ ಕೇಳಬೇಡಿ

ಹಳದೀಪುರದ ನಿವೃತ್ತ ಮಾಸ್ತರರು ಕಾರು ನಡೆಸುವ ಕ್ರಮವನ್ನೆಲ್ಲ ಮಗ್ಗಿಯಂತೆ ಬಾಯಿಪಾಠ ಮಾಡಿದ್ದರು. ಒಂದು ದಿನ ಎಮ್ಮೆ ಅಡ್ಡ ಬಂತು. "ಬ್ರೇಕ್, ಬ್ರೇಕ್!" ಎಂದು ಕಿರುಚಿದೆ. ಅವರು "ಕೀಲಿ, ಕ್ಲಚ್ಚು, ಗೇರು..." ಎಂದು ಶುರುಮಾಡಿದರು. ನನ್ನ ಕಡೆಯ ಬ್ರೇಕ್ ನಾನೇ ತುಳಿದೆ.

ಮಾಸ್ತರರಿಗೆ ಸಿಟ್ಟು. "ಹೀಗೆ ಮಧ್ಯದಿಂದ ಕೇಳಿದ್ರೆ ಯಾರಿಗೆ ಬರ್ತದೆ?"

ಹಳೆಯ ಜಗಳ

ಭಟ್ಕಳದ ಬಟ್ಟೆ ವ್ಯಾಪಾರಿಯೊಬ್ಬರಿಗೆ ಡಾಕ್ಟರ ಮಾತು ಹೇಳಿದಾಗ ಅವರು ಕೇಳಿದರು: "ಹೊಸತು ಹುಟ್ಟಿದ್ರೆ ಹಳೇದು ಅಳಿಸಿ ಹೋಗ್ತದಾ? ಭಾವನ ಹತ್ರ ಮಾತು ಬಿಟ್ಟು ಸುಮಾರು ವರ್ಷ ಆತು. ಆ ಜಗಳ ಮರೆತುಹೋದ್ರೆ ಒಳ್ಳೇದಿತ್ತು."

ಲೈಸೆನ್ಸ್ ಸಿಕ್ಕ ಮೇಲೆ ಮತ್ತೆ ಸಿಕ್ಕರು. ಭಾವನ ಮನೆಗೆ ಹೋಗಿದ್ದರಂತೆ.

"ಜಗಳ ಮರೆತುಹೋಯ್ತಾ?" ಎಂದೆ.

"ಅದು ನೆನಪಿತ್ತು. ಅವನ ಗೇಟಿನ ಹತ್ರ ಬ್ರೇಕ್ ಯಾವುದು ಅಂತ ಮರೆತೆ. ಗೇಟು ಮುರೀತು. ಭಾವ ಗಾಬರಿಯಾಗಿ ಓಡಿಬಂದು, ಒಳಗೆ ಕರೆದು ಚಹಾ ಕೊಟ್ಟ."

ಬಿಟ್ಟು ಬಂದದ್ದು

ಮೀನು ಮಾರುವ ಹೆಂಗಸೊಬ್ಬಳ ಗಂಡನಿಗೆ ದೋಣಿಯಲ್ಲಿ ಪೆಟ್ಟು ಬಿದ್ದು ಕಾಲು ಹೋಗಿತ್ತು. ಮೀನು ಸಾಗಿಸುವ ಹಳೇ ವ್ಯಾನ್ ಅಂಗಳದಲ್ಲೇ ನಿಂತಿತ್ತು. ಹಾಗಾಗಿ ಆಕೆಯೇ ಕಲಿಯಲು ಬಂದಳು. ಎರಡು ಸಲ ಫೇಲಾಗಿ, "ನನ್ನ ತಲೇಲಿ ಹುಟ್ಟಿದ್ದೆಲ್ಲ ಸತ್ತೇಹೋಯ್ತು ತಮ್ಮಾ" ಎಂದು ಕಣ್ಣು ಒರೆಸಿಕೊಂಡಿದ್ದಳು. ಆದರೂ ದಿನಾ ಮೀನು ಮಾರಿ ಬಂದು ಸ್ಟೇರಿಂಗ್ ಹಿಡಿದಳು.

ಮೂರನೇ ಪರೀಕ್ಷೆಯ ದಿನ ಕಾರಿನಲ್ಲಿ ಕೂತ ಇನ್ಸ್‌ಪೆಕ್ಟರಿಗೆ ಅಂದಳು: "ಸಾಹೇಬ್ರೆ, ನೀವು ಪಕ್ಕದಲ್ಲಿದ್ರೆ ಕೈ ನಡುಗ್ತದೆ. ಇಳೀರಿ, ಗಾಡಿ ಬಿಟ್ಟು ತೋರಿಸ್ತೆ."

ಪುಣ್ಯಾತ್ಮ ನಕ್ಕು ಇಳಿದರು. ಆಕೆ ಎಂಟರ ಆಕಾರದಲ್ಲಿ ತಪ್ಪಿಲ್ಲದೆ ತಿರುಗಿಸಿದಳು. "ಆತು, ಪಾಸು!" ಎಂದು ಅವರು ಕೈ ಎತ್ತಿದ್ದೇ ತಡ, ಕಾರು ಮೈದಾನ ದಾಟಿ ಸೀದಾ ಊರ ಕಡೆ ಹೋಯಿತು. ಇನ್ಸ್‌ಪೆಕ್ಟರೂ ನಾನೂ ಮುಖ ಮುಖ ನೋಡಿಕೊಂಡು ಬಿಸಿಲಲ್ಲಿ ನಿಂತೆವು.

ಬಹಳ ಹೊತ್ತಿನ ಮೇಲೆ ಕಾರು ತಿರುಗಿ ಬಂತು. ಮುಂದಿನ ಸೀಟಿನಲ್ಲಿ ಇಸ್ತ್ರಿ ಅಂಗಿ ತೊಟ್ಟ ಗಂಡ ಗತ್ತಿನಿಂದ ಕೂತಿದ್ದ. ಆಕೆ ಕಿಟಕಿಯಿಂದ ತಲೆ ಹೊರಗೆ ಹಾಕಿ ಇನ್ಸ್‌ಪೆಕ್ಟರನ್ನು ನೋಡಿದಳು.

"ಅಯ್ಯೋ! ಎಂತದೋ ಬಿಟ್ಟು ಬಂದೆ ಅಂತ ದಾರಿಯುದ್ದಕ್ಕೂ ಅನಿಸ್ತಿತ್ತು. ನೀವಾ!"