ಮಾವ್ಶಿ, ಡಾಕ್ಟರ್ ಮತ್ತು ನೀಲಿ ಮುಚ್ಚಳದ ಡಬ್ಬ

ನಮ್ಮ ಮಾವ್ಶಿ, ಅಂದರೆ ನನ್ನ ಅಮ್ಮನ ತಂಗಿ, ಉಡುಪಿ ಜಿಲ್ಲೆಯ ಅರ್ಧದಷ್ಟು ಕಲ್ಲುಗಳನ್ನು ಎತ್ತಿ, ಅಡಿಯಲ್ಲಿ ಏನುಂಟು ಎಂದು ನೋಡಿ, ಮತ್ತೆ ಇದ್ದ ಹಾಗೆಯೇ ಇಟ್ಟಿದ್ದಾರೆ. ಉಳಿದ ಅರ್ಧವನ್ನು ನನ್ನಿಂದ ಎತ್ತಿಸಿದ್ದಾರೆ. ಅರವತ್ತೇಳು ವರ್ಷದ, ಎಡ ಮೊಣಕಾಲು ಸವೆದುಹೋದ ಹೆಂಗಸಿಗೆ ಇದು ಶೋಭಿಸುತ್ತದೆಯೇ ಎಂದು ನೀವು ಕೇಳಬಹುದು. ನಾನೂ ಕೇಳಿದ್ದೆ. "ಶೋಭೆ ಎಲ್ಲ ಮದುಮಗಳಿಗೆ ಇರಲಿ ಬಾಯ್, ನೀನು ಆ ಕಲ್ಲು ಎತ್ತು" ಎಂದರು. ಬಾಯ್ ಎಂದರೆ ನಮ್ಮ ಕೊಂಕಣಿಯಲ್ಲಿ ಮಗಳೇ ಎಂದ ಹಾಗೆ; ನೆರೆಯವರಿಗೂ ನಾನು ಬಾಯಮ್ಮ.

ಆ ಶನಿವಾರವೂ ಬೇರೆ ದಿನಗಳ ಹಾಗೆಯೇ ಬೆಳಗಾಯಿತು. ಇಗರ್ಜಿಯಲ್ಲಿ, ಅಂದರೆ ನಮ್ಮ ಚರ್ಚಿನಲ್ಲಿ, ಆರರ ಗಂಟೆ ಹೊಡೆಯಿತು. ಗೇಟಿನ ಸರಳಿಗೆ ಹಾಲಿನ ಚೀಲ ತಾಗಿತು. ನಮ್ಮವರ ಚಹಾಕ್ಕೆ ಅರ್ಧ ಚಮಚ ಸಕ್ಕರೆ ಹಾಕಿದೆ. ಅವರು ಪೇಪರಿನಲ್ಲಿ ಮುಳುಗಿದ್ದರೆ ಕಾಲು ಚಮಚ. ಅರ್ಧ ಈರುಳ್ಳಿಯಿಂದ ದೋಸೆ ಕಾವಲಿಗೆ ಎಣ್ಣೆ ಸವರುತ್ತಿದ್ದಾಗ ಮಹಡಿಯ ಮೆಟ್ಟಿಲಿನಲ್ಲಿ ಆರು ಕಾಲುಗಳ ಸದ್ದು ಕೇಳಿತು. ನಾಲ್ಕು ಹಗುರ, ಒಂದು ಗಟ್ಟಿ, ಒಂದು ಎಳೆದದ್ದು. ಮಾವ್ಶಿ ಮತ್ತು ಡಾಕ್ಟರ್ ಇಳಿಯುತ್ತಿದ್ದರು.

ಡಾಕ್ಟರ್ ಎಂದರೆ ನಾಯಿ. ಒಂದು ಕಿವಿ ನೆಟ್ಟಗೆ, ಇನ್ನೊಂದು ರಜೆಯಲ್ಲಿ, ಅಪ್ಪಟ ಬೀದಿನಾಯಿ. ಕುವೈತಿನಲ್ಲಿ ಮೂವತ್ತು ವರ್ಷ ನರ್ಸ್ ಆಗಿದ್ದ ಮಾವ್ಶಿ ಊರಿಗೆ ಬಂದು, ಕಾಪು ಬೀಚಿನಲ್ಲಿ ಬೆನ್ನುಹತ್ತಿದ ಈ ಪ್ರಾಣಿಯನ್ನು ನಮ್ಮ ಮನೆಗೆ ತಂದಾಗ ಹೇಳಿದ್ದು ಇಷ್ಟೇ: "ಮೂವತ್ತು ವರ್ಷ ಡಾಕ್ಟರು ಹೇಳಿದ್ದನ್ನು ನಾನು ಕೇಳಿದೆ. ಇನ್ನು ನಾನು ಹೇಳಿದ್ದನ್ನು ಡಾಕ್ಟರ್ ಕೇಳಲಿ."

ಈ ಹೆಸರನ್ನು ಮಣಿಪಾಲದ ಬೀದಿಯಲ್ಲಿ ಗಟ್ಟಿಯಾಗಿ ಕರೆದು ನೋಡಿ! ಒಮ್ಮೆ ಮಾವ್ಶಿ, "ಡಾಕ್ಟರ್! ಆ ಕಂಬದ ಹತ್ತಿರ ಕಾಲೆತ್ತಬೇಡ!" ಎಂದು ಕೂಗಿದಾಗ ಚಹಾದಂಗಡಿಯ ಮುಂದಿದ್ದ ಬಿಳಿ ಕೋಟಿನ ಮೂವರು ಒಟ್ಟಿಗೆ ತಿರುಗಿದರು. ಅವರಲ್ಲಿ ಒಬ್ಬರು ಕಂಬದಿಂದ ಎರಡು ಹೆಜ್ಜೆ ದೂರ ಸರಿದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಇನ್ನು ಇವರ ಆಟ. ಲೋಕದಲ್ಲಿ ಕೆಲಸವಿಲ್ಲದ ಕೆಲವರು ಗುಡ್ಡದಲ್ಲಿ, ಗೋಡೆಯಲ್ಲಿ, ಮರದ ಪೊಟರೆಯಲ್ಲಿ ಚಿಕ್ಕ ಡಬ್ಬ ಅಡಗಿಸಿ, ಫೋನಿನ ನಕ್ಷೆಯಲ್ಲಿ ಒಂದು ಚುಕ್ಕೆ ಹಾಕುತ್ತಾರೆ. ಕೆಲಸವಿಲ್ಲದ ಬೇರೆ ಕೆಲವರು ಹೋಗಿ ಹುಡುಕುತ್ತಾರೆ. ಸಿಕ್ಕಿದರೆ ಒಳಗಿರುವ ಪುಟ್ಟ ಪುಸ್ತಕದಲ್ಲಿ ಹೆಸರು ಬರೆದು, ಡಬ್ಬವನ್ನು ಅಲ್ಲೇ ಇಟ್ಟು ಬರಬೇಕು. "ಸಿಕ್ಕಿದ ನಿಧಿಯನ್ನು ಅಲ್ಲೇ ಬಿಟ್ಟು ಬರುವುದಾ?" ಎಂದು ನಮ್ಮವರು ಊಟ ನಿಲ್ಲಿಸಿ ಕೇಳಿದ್ದರು. ನಿಧಿಯಾದರೂ ಎಂತದು? ಒಂದು ಅಂಗಿಯ ಗುಂಡಿ, ಒಂದು ಪೆಪ್ಪರ್‌ಮಿಂಟ್, ಬಾಲ ಮುರಿದ ಒಂದು ಪ್ಲಾಸ್ಟಿಕ್ ಆನೆ! ಆದರೆ ಈ ಆಟದಲ್ಲೂ ಒಂದು ಪಟ್ಟವುಂಟು. ಹೊಸ ಡಬ್ಬವನ್ನು ಎಲ್ಲರಿಗಿಂತ ಮೊದಲು ಕಂಡವರು ಪುಸ್ತಕದ ಖಾಲಿ ಮೊದಲ ಪುಟದಲ್ಲಿ ಹೆಸರು ಬರೆಯಬಹುದು. ಆ ಭಾಗ್ಯ ಮಾವ್ಶಿಗೂ ಬಂದಿರಲಿಲ್ಲ.

ನಾನು ಇದರೊಳಗೆ ಹೇಗೆ ಬಿದ್ದೆ? ಅಮ್ಮ ಕಾಯಿಲೆ ಬಿದ್ದಾಗ ಮಣಿಪಾಲದ ಆಸ್ಪತ್ರೆಗೆ ನಾನೇ ಕಾರು ಓಡಿಸಿಕೊಂಡು ಹೋಗುತ್ತಿದ್ದೆ. ಅಮ್ಮ ತೀರಿಕೊಂಡ ಮೇಲೆ ಕಾರಿನ ಕೀಲಿಕೈ ಮೊಳೆಯಲ್ಲೇ ತೂಗಿತು. ನನ್ನ ಪ್ರಪಂಚವೆಂದರೆ ಅಡುಗೆಮನೆ, ಇಗರ್ಜಿ, ಮತ್ತೆ ಅಡುಗೆಮನೆ. ಹೀಗೆ ಎಂಟು ತಿಂಗಳು ಕಳೆದ ಮೇಲೆ ಒಂದು ದಿನ ಮಾವ್ಶಿ ಕೀಲಿಕೈ ತಂದು ನನ್ನ ಹಿಟ್ಟಿನ ಕೈಯಲ್ಲಿಟ್ಟರು. "ಬಸ್ಸಿನಲ್ಲಿ ನಾಯಿಯನ್ನು ಹತ್ತಿಸುವುದಿಲ್ಲ ಬಾಯ್. ಡಾಕ್ಟರನಿಗೆ ಹೊರಗೆ ಹೋಗಲೇಬೇಕಂತೆ."

ಡಾಕ್ಟರನಿಗೆ ಇಲ್ಲ ಅನ್ನುವುದು ಹೇಗೆ?

ಮೊದಲ ಬೇಟೆ ಕಾಪುವಿನಲ್ಲಿ, ದೀಪಸ್ತಂಭದ ಬಂಡೆಯ ಕೆಳಗೆ. ಡಾಕ್ಟರ್ ಮರಳನ್ನು ಎಂತಹ ಆತ್ಮವಿಶ್ವಾಸದಿಂದ ಕೆದಕಿದನೆಂದರೆ ಜನ ನಿಂತು ನೋಡತೊಡಗಿದರು.

"ಎಂತ ಹುಡುಕ್ತಿದ್ದೀರಿ ಅಮ್ಮ?"

ಮಾವ್ಶಿ ಸುಳ್ಳು ಹೇಳುವವರಲ್ಲ. "ನಿಧಿ" ಎಂದರು.

ಹತ್ತೇ ನಿಮಿಷ! ಪ್ರವಾಸಕ್ಕೆ ಬಂದ ಎರಡು ಕುಟುಂಬಗಳು, ಬಲೆ ಹೆಣೆಯುತ್ತಿದ್ದ ಮುದುಕರು, ಹೊಸತಾಗಿ ಮದುವೆಯಾದ ಒಂದು ಜೋಡಿ, ಎಲ್ಲರೂ ಸೇರಿ ಒಂದು ಬಾವಿ ತೋಡುವಷ್ಟು ಅಗೆದರು. ಹೊರಬಂದದ್ದು ಎಡಗಾಲಿನ ಒಂದು ರಬ್ಬರ್ ಚಪ್ಪಲಿ. ಎಲ್ಲರೂ ಕೈಯ ಮರಳು ಕೊಡವಿಕೊಂಡರು. ಐಸ್‌ಕ್ಯಾಂಡಿಯವನು ಮಾತ್ರ ಖಾಲಿಯಾದ ಪೆಟ್ಟಿಗೆಯನ್ನು ತಟ್ಟಿ, "ಅಮ್ಮ, ನಾಳೆಯೂ ಬನ್ನಿ" ಎಂದ.

ಕಾರ್ಕಳದ ಪ್ರಸಂಗ ಇದಕ್ಕಿಂತ ಮೇಲೆ. ಮುಚ್ಚಿದ ಅಂಗಡಿಯೊಂದರ ಗೋಡೆಯಲ್ಲಿ ಚಿಕ್ಕ ತಗಡಿನ ಪೆಟ್ಟಿಗೆ. ಒಳಗೆ ಪುಸ್ತಕ, ಪುಸ್ತಕದಲ್ಲಿ ತಾರೀಕು, ಗಂಟೆ, ಸಾಲುಸಾಲು ಸಹಿ. "ಇಷ್ಟೊಂದು ಜನ ಬಂದಿದ್ದಾರೆ! ಅದೂ ರಾತ್ರಿ ಎರಡು ಗಂಟೆಗೆ! ಇವರ ಉತ್ಸಾಹ ನೋಡಿ ಕಲಿ" ಎಂದು ನನ್ನನ್ನು ಬೈದು, ಮಾವ್ಶಿ ಹೆಸರು, ಫೋನ್ ನಂಬರ್ ಎಲ್ಲ ಬರೆದರು. ಡಾಕ್ಟರನ ಪಾದಕ್ಕೆ ಅಯೋಡಿನ್ ಹಚ್ಚಿ ಅವನ ಸಹಿಯನ್ನೂ ಒತ್ತಿಸಿ, ಪಕ್ಕದಲ್ಲಿ ಡಾಕ್ಟರ್ ಎಂದು ಬರೆದರು. ಷರಾ ಬೇರೆ: "ಪೆಟ್ಟಿಗೆ ಚೆನ್ನಾಗಿದೆ. ಪುಸ್ತಕ ಒದ್ದೆಯಾಗದಂತೆ ಪ್ಲಾಸ್ಟಿಕ್ ಹೊದಿಸಿ."

ಮರುದಿನ ಫೋನ್ ಬಂತು. ಅದು ರಾತ್ರಿ ಗಸ್ತಿನ ಪೊಲೀಸರು ಸಹಿ ಹಾಕುವ ಪುಸ್ತಕ!

"ಅಮ್ಮ, ಆ ಬೀಟ್ ನನ್ನದು. ನೀವು ಯಾರು?"

"ನಾನು ರಿಟೈರ್ಡ್" ಎಂದರು ಮಾವ್ಶಿ, ಗಂಭೀರವಾಗಿ.

ಆ ಕಡೆಯ ಧ್ವನಿ ನೆಟ್ಟಗಾಯಿತು. "ಓ, ಮೇಡಂ! ಏನಾಗಿದ್ರಿ ಮೇಡಂ?"

"ಹೆಡ್ ನರ್ಸ್."

ಆ ಕಡೆ ಪುಟ ತಿರುವಿದ ಸದ್ದು. "ಮತ್ತೆ ಈ ಡಾಕ್ಟರ್?" "ಅವನು ನನ್ನ ಕೈಕೆಳಗೆ." ಆ ಪೊಲೀಸಪ್ಪ ಒಳ್ಳೆಯವರು, ನಕ್ಕು ಬಿಟ್ಟರು. ಮುಂದಿನ ತಿಂಗಳು ಅದೇ ದಾರಿಯಲ್ಲಿ ಹೋಗುವಾಗ ಇಣುಕಿ ನೋಡಿದೆವು. ಪುಸ್ತಕಕ್ಕೆ ಪ್ಲಾಸ್ಟಿಕ್ ಹೊದಿಸಿದ್ದರು!

ಹೀಗೆ ಆರು ತಿಂಗಳಲ್ಲಿ ನಮ್ಮ ಲೆಕ್ಕ: ಮಾವ್ಶಿ ಕಂಡದ್ದು ಇಪ್ಪತ್ತೆರಡು. ಡಾಕ್ಟರ್ ಏಳು, ಚಪ್ಪಲಿ ಸೇರಿ. ನಾನು ಸೊನ್ನೆ. ನಾನು ಕಾರು ಓಡಿಸುವವಳು, ನೀರು ಕೊಡುವವಳು, "ಹಾವು ಇರಬಹುದು ಮಾವ್ಶಿ" ಎನ್ನುವವಳು. ಈ ಸೊನ್ನೆ ನನಗಿಂತ ಮಾವ್ಶಿಯನ್ನು ಹೆಚ್ಚು ಚುಚ್ಚುತ್ತಿತ್ತು. ಸೋಮವಾರ ಅವರ ಮೊಣಕಾಲಿನ ಆಪರೇಷನ್. ಆಮೇಲೆ ಎಷ್ಟೋ ತಿಂಗಳು ಕಲ್ಲು ಗುಡ್ಡ ಎಲ್ಲ ಬಂದ್. "ಅದರ ಮೊದಲು ನೀನು ಒಂದನ್ನಾದರೂ ಹುಡುಕಬೇಕು. ಇಲ್ಲದಿದ್ದರೆ ನಾನು ಮಲಗಿದ ಮರುದಿನವೇ ಕೀಲಿಕೈ ಮತ್ತೆ ಮೊಳೆಗೆ ಹೋಗುತ್ತದೆ. ನನಗೆ ನಿನ್ನ ಗುರುತಿಲ್ಲವಾ?" ಎನ್ನುತ್ತಿದ್ದರು. ಅವರು ಹೇಳಿದ್ದು ಸರಿಯೇ ಇತ್ತು.

ಅವರ ಕಾಲೂ ಈಚೆಗೆ ತೀರ ಕೈಕೊಟ್ಟಿತ್ತು. ಆ ಬುಧವಾರ ನಾನು ಮತ್ತು ನಮ್ಮವರು ಎರ್ಮಾಳಿನ ನಾದಿನಿಯ ಮನೆಗೆ ಊಟಕ್ಕೆ ಹೊರಟಾಗ, "ಮೆಟ್ಟಿಲು ಇಳಿಯಲಿಕ್ಕೂ ಆಗುವುದಿಲ್ಲ, ನೀವು ಹೋಗಿ" ಎಂದು ಮಲಗಿಬಿಟ್ಟಿದ್ದರು.

ಈಗ ಶನಿವಾರ ಬೆಳಿಗ್ಗೆ ಅದೇ ಮೆಟ್ಟಿಲಿಳಿದು, ಹಳೇ ಕ್ಯಾನ್ವಾಸ್ ಶೂ, ತಲೆಗೆ ಟೊಪ್ಪಿ, ಕೊರಳಲ್ಲಿ ಸೀಟಿ, ಕೈಚೀಲದಲ್ಲಿ ಬಿಲಗಳಿಂದ ಡಬ್ಬ ಎಳೆಯುವ ಆಸ್ಪತ್ರೆಯ ಉದ್ದ ಚಿಮಟ, ಇಷ್ಟು ಸಮೇತ ನಿಂತಿದ್ದರು. "ಕಾರ್ಕಳದ ಹತ್ತಿರ ಕುಕ್ಕುಂದೂರಿನಲ್ಲಿ ಒಂದು ಹೊಸ ಚುಕ್ಕೆ ಬಂದಿದೆ. ಯಾರೂ ಕಂಡಿಲ್ಲ. ದೋಸೆ ಕಟ್ಟಿಕೋ."

ಗೇಟಿನ ಹತ್ತಿರ ಪಕ್ಕದ ಮನೆಯ ವನಜಕ್ಕ ಕಂಪೌಂಡಿನ ಮೇಲಿಂದ ತಲೆ ಹಾಕಿದರು. ಅವರ ಗಂಡ ಮಲ್ಪೆಯ ಬೋಟಿನಲ್ಲಿ. ಇವರ ಕಣ್ಣು ನಮ್ಮ ಗೇಟಿನಲ್ಲಿ. "ಬಾಯಮ್ಮ, ಪುನಃ ಎಂತದೋ ಹುಡುಕ್ಲಿಕ್ಕಾ? ಸಿಕ್ಕಿದ್ರೆ ಕೊರಗಜ್ಜನಿಗೆ ಚಕ್ಕುಲಿ ಇಡ್ತೇನೆ ಅಂತ ಹೇಳಿಕೊಳ್ತೇನೆ, ಆಯ್ತಾ?" ಮಾವ್ಶಿ ಹಿಂದಿನ ಸೀಟಿನಿಂದ, "ಸಂತ ಅಂತೋನಿಗೆ ನಾನು ಆಗಲೇ ಮೇಣದಬತ್ತಿ ಹೇಳಿಯಾಗಿದೆ ವನಜಾ!" ಎಂದರು. ಕಳೆದುಹೋದದ್ದನ್ನು ಕೊಡಿಸುವ ಇಬ್ಬರೂ ನಮ್ಮ ಪಕ್ಷದಲ್ಲಿ. ಇನ್ನೇನು ಬೇಕು!

ಹಿರಿಯಡ್ಕ ದಾಟುವಷ್ಟರಲ್ಲಿ ಡಾಕ್ಟರ್ ಕಿಟಕಿಯಿಂದ ಮುಖ ಹೊರಹಾಕಿ ಊರಿಗೆಲ್ಲ ದರ್ಶನ ಕೊಟ್ಟಾಗಿತ್ತು. ಕುಕ್ಕುಂದೂರಿನ ಆ ಗುಡ್ಡ ದೊಡ್ಡದೇನಲ್ಲ, ಆದರೆ ಕಡಿದು. ಮೇಲೆ ಯಾವುದೋ ಕಾಲದ ಮುರಕಲ್ಲಿನ, ಅಂದರೆ ನಮ್ಮ ಕಡೆಯ ಕೆಂಪುಕಲ್ಲಿನ, ಪಾಳುಗೋಡೆ. ಮಾವ್ಶಿ ಕೆಳಗೇ ಒಂದು ಬಂಡೆಯ ಮೇಲೆ ಕೂತುಬಿಟ್ಟರು. "ನನ್ನಿಂದ ಹತ್ತಲಿಕ್ಕೆ ಆಗುವುದಿಲ್ಲ. ನೀನು ಹೋಗು."

"ಒಬ್ಬಳೇ?"

"ಡಾಕ್ಟರ್ ಉಂಟಲ್ಲ!"

ಹತ್ತಿದೆ. ಫೋನಿನ ಚುಕ್ಕೆ ಗೋಡೆಯವರೆಗೆ ಕರೆದುಕೊಂಡು ಹೋಗಿ ಕೈಬಿಟ್ಟಿತು. ಡಾಕ್ಟರ್ ಗೋಡೆಯುದ್ದಕ್ಕೂ ಮೂಸಿ, ಒಂದು ಕಡೆ ಕೂತು ಬಾಲ ಅಲ್ಲಾಡಿಸತೊಡಗಿದ. ಕೂಡಲೇ ಕೆಳಗಿನಿಂದ ಸೀಟಿ! "ಡಾಕ್ಟರ್! ಇಳಿದು ಬಾ! ಅವಳಿಗೆ ಹೇಳಿಕೊಡಬೇಡ!" ಅವನು ಮನಸ್ಸಿಲ್ಲದೆ ಇಳಿದುಹೋದ. ಎಲ್ಲಿ ಕೂತಿದ್ದ ಎಂದು ನಾನು ಸರಿಯಾಗಿ ನೋಡಿರಲೂ ಇಲ್ಲ.

ಅರ್ಧ ಗಂಟೆ ಹುಡುಕಿದೆ. ಮುಳ್ಳು ಗೀರಿತು, ಇರುವೆ ಕಚ್ಚಿತು, ಎರಡು ಸಲ ಹಾವು ಕಂಡಿತು, ಎರಡೂ ಬೇರು. ಇಳಿದುಬಿಡೋಣ ಎಂದು ಸೆರಗು ಕೊಡವಿ ತಿರುಗುವಾಗ ಗೋಡೆಯಲ್ಲಿ ಏನೋ ಸರಿಯಿಲ್ಲ ಅನ್ನಿಸಿತು. ನಮ್ಮ ಅಡುಗೆಮನೆಯ ಡಬ್ಬಗಳ ಸಾಲಿನಲ್ಲಿ ಯಾರಾದರೂ ಜೀರಿಗೆ ತೆಗೆದು ತಿರುಗಿಸಿಟ್ಟರೆ ನನಗೆ ಬಾಗಿಲಿನಿಂದಲೇ ತಿಳಿಯುತ್ತದೆ. ಹಾಗೆಯೇ ಇದು. ಎಲ್ಲ ಕಲ್ಲುಗಳ ಮುಖವೂ ಮಳೆಗಾಲದ ಪಾಚಿ ಒಣಗಿ ಕಪ್ಪಾಗಿತ್ತು. ಒಂದು ಕಲ್ಲು ಮಾತ್ರ ಈಗಷ್ಟೇ ಸ್ನಾನ ಮಾಡಿ ಬಂದ ಹಾಗೆ ಕೆಂಪಗೆ. ಯಾರೋ ತೆಗೆದು, ಗಡಿಬಿಡಿಯಲ್ಲಿ ತಿರುಗಾಮುರುಗಾ ಇಟ್ಟಿದ್ದರು!

ಎಳೆದೆ. ಹಿಂದೆ ನೀಲಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬ. ಮುಚ್ಚಳದ ಒಂದು ಬದಿ ಶಾಖಕ್ಕೆ ಕರಗಿ ಸೊಟ್ಟಗಾಗಿತ್ತು. ತೆಗೆದರೆ ಸಣ್ಣಗೆ ಉಪ್ಪಿನಕಾಯಿಯ ವಾಸನೆ. ಒಳಗೊಂದು ಪುಸ್ತಕ, ಒಂದು ಪೆನ್ಸಿಲ್, ಎರಡು ಪೆಪ್ಪರ್‌ಮಿಂಟ್. ಪುಸ್ತಕದ ಮೊದಲ ಪುಟ ಖಾಲಿ!

ಹೆಣ್ಣುಮಕ್ಕಳು ಧ್ವನಿ ಎತ್ತಬಾರದೆಂದು ಕಾನ್ವೆಂಟಿನ ಸಿಸ್ಟರುಗಳು ನನಗೆ ಹತ್ತು ವರ್ಷ ಕಲಿಸಿದ್ದರು. ಒಂದೇ ಕೂಗಿನಲ್ಲಿ ಅಷ್ಟೂ ವಿದ್ಯೆ ಹೋಯಿತು. ಗುಡ್ಡದ ಕಾಗೆಗಳೆಲ್ಲ ಎದ್ದವು. "ಸಿಕ್ಕಿತು ಮಾವ್ಶಿ! ನನಗೇ ಸಿಕ್ಕಿತು! ನಾನೇ ಮೊದಲು!" ಕೆಳಗೆ ಡಾಕ್ಟರ್ ಗಿರಗಿರನೆ ಸುತ್ತಿದ. ಮಾವ್ಶಿ ಎದ್ದುನಿಂತು, ಟೊಪ್ಪಿ ಬೀಸಿ ಬೀಸಿ, ಆಮೇಲೆ ಕನ್ನಡಕ ತೆಗೆದು ಒರೆಸಿಕೊಂಡರು.

ಪುಸ್ತಕದಲ್ಲಿ ಇಂಥವರ ಹೆಂಡತಿ ಎಂದಲ್ಲ, ಶಾಲೆಯ ಹಾಜರಿಯಲ್ಲಿದ್ದ ನನ್ನ ಪೂರ್ತಿ ಹೆಸರನ್ನು ದುಂಡಗೆ ಬರೆದೆ. ಈ ಸುದ್ದಿಯನ್ನು ಹೋಗಿ ಅಮ್ಮನಿಗೆ ಹೇಳಬೇಕು ಅನ್ನಿಸಿತು. ಅಮ್ಮ ಇಲ್ಲವೆಂಬುದು ಒಂದು ಕ್ಷಣ ತಡವಾಗಿ ನೆನಪಾಯಿತು. ಇಳಿದು ಬಂದು ಮಾವ್ಶಿಗೇ ಮೊದಲಿನಿಂದ ಕೊನೆಯವರೆಗೆ ಹೇಳಿದೆ. ಮಾವ್ಶಿ, "ಹೌದಾ! ಕೆಂಪು ಕಲ್ಲಾ! ಅಬ್ಬಾ!" ಎಂದು ಏನೂ ಗೊತ್ತಿಲ್ಲದವರ ಹಾಗೆ ಕೇಳಿದರು. ಉಡುಪಿಯವರೆಗೂ ನಾನು ಹಾರ್ನ್ ಹೊಡೆಯುತ್ತಲೇ ಬಂದೆ ಎಂದು ನಂತರ ನಮ್ಮವರಿಗೆ ಚಾಡಿ ಹೇಳಿದವರೂ ಅವರೇ.

ಸಂಜೆ ವನಜಕ್ಕ ಕಂಪೌಂಡಿನ ಆಚೆ ಒಣಗಿದ ಬಟ್ಟೆ ತೆಗೆಯುತ್ತಿದ್ದರು. ನಾನಾಗಿಯೇ ಹೋಗಿ ಹೇಳಿದೆ. ಗುಡ್ಡ, ಗೋಡೆ, ಕೆಂಪು ಕಲ್ಲು, ನೀಲಿ ಮುಚ್ಚಳ.

"ನೀಲಿ ಮುಚ್ಚಳವಾ?" ವನಜಕ್ಕನ ಕೈ ಹಗ್ಗದ ಮೇಲೆ ನಿಂತಿತು. "ಒಂದು ಬದಿ ಕರಗಿದ್ದಾ?"

"ಹೌದು. ನಿಮಗೆ ಹೇಗೆ ಗೊತ್ತು?"

"ಗೊತ್ತಿಲ್ಲದೆ ಎಂತ? ಒಲೆಯ ಹತ್ತಿರ ಇಟ್ಟು ಕರಗಿಸಿದ್ದೇ ನಾನು! ಬುಧವಾರ ನಿಮ್ಮ ಕಾರು ಆಚೆ ಹೋಯಿತು, ನಿಮ್ಮ ಮಾವ್ಶಿ ಈಚೆ ಬಂದ್ರು. ನೀರು ಹೋಗದ ಒಂದು ಡಬ್ಬ ಉಂಟಾ ವನಜಾ ಅಂತ. ನಾಯಿಯನ್ನು ನಮ್ಮ ತೆಂಗಿನಮರಕ್ಕೆ ಕಟ್ಟಿ ಕಾರ್ಕಳದ ಬಸ್ಸು ಹತ್ತಿದ್ರು. ಬರುವಾಗ ಕಾಲು ನೆಲಕ್ಕೆ ಊರ್ಲಿಕ್ಕೆ ಆಗ್ತಾ ಇರ್ಲಿಲ್ಲ, ಪಾಪ."

ನಾನು ತಿರುಗಿ ನೋಡಿದೆ. ಜಗಲಿಯ ಕುರ್ಚಿಯಲ್ಲಿ ಮಾವ್ಶಿ ಮೊಣಕಾಲಿನ ಮೇಲೆ ಬಿಸಿನೀರಿನ ಚೀಲ ಇಟ್ಟುಕೊಂಡು ಕಣ್ಣುಮುಚ್ಚಿದ್ದರು. ಡಾಕ್ಟರ್ ಅವರ ಪಾದದ ಮೇಲೆ ಗಲ್ಲ ಊರಿದ್ದ. ಕ್ಯಾನ್ವಾಸ್ ಶೂಗಳ ಅಂಚಿನಲ್ಲಿ ಮುರಕಲ್ಲಿನ ಕೆಂಪು ಧೂಳು. ಇವತ್ತು ಅವರು ಗುಡ್ಡ ಹತ್ತಿರಲೇ ಇಲ್ಲ. ಕಾರಿನ ಕೀಲಿಕೈ ನನ್ನ ಕೈಯಲ್ಲೇ ಇತ್ತು. ಗಟ್ಟಿಯಾಗಿ ಹಿಡಿದುಕೊಂಡೆ.

ವನಜಕ್ಕ ಕೊನೆಯ ಟವೆಲನ್ನು ಹೆಗಲಿಗೆ ಹಾಕಿಕೊಂಡರು. "ಮಾವಿನ ಮಿಡಿ ಸುರುವಾಗುವ ಮೊದಲು ಡಬ್ಬ ವಾಪಸ್ ತಂದುಕೊಡಿ ಬಾಯಮ್ಮ. ದಾರಿ ಹೇಗೂ ನಿಮಗೆ ಗೊತ್ತುಂಟಲ್ಲ."